ಶೆಡ್ಡಿನ ತನಕ ಹೋಗೋ ಸಿಸ್ಟರಿಗೂ ಪಾಲಿಕೆ ಬಜೆಟ್ಟಲ್ಲಿ ದುಡ್ಡಿಡಿ

ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಲ್ಲಿ ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿಂದ ಐದು ಪಾಲಿಕೆ ಆಗಿವೆ, ಐದಕ್ಕೂ ಬೇರೆ ಬೇರೆ ಕಮಿಷನರ್, ಬೇರೆ ಬೇರೆ ಬಜೆಟ್. ಬಜೆಟ್ ಅಂದ ತಕ್ಷಣ ಪೇಪರಲ್ಲೂ ವಾಟ್ಸಾಪ್ ಗ್ರೂಪಲ್ಲೂ ರಸ್ತೆ ಗುಂಡಿ, ಟನಲ್ ರೋಡು, ಕಸ, ಇ-ಖಾತಾ ಇಷ್ಟೇ ಮಾತು. ಅವೆಲ್ಲ ಬೇಕು, ಬೇಡ ಅಂತ ಯಾರೂ ಅನ್ನಲ್ಲ. ನಾನು ಕೇಳ್ತಿರೋದು ಇನ್ನೊಂದು ಖರ್ಚಿನ ಬಗ್ಗೆ, ಬೇರೆ ಊರಿಂದ ಬೇರೆ ರಾಜ್ಯದಿಂದ ದುಡಿಯೋಕೆ ಬಂದು ಶೆಡ್ಡುಗಳಲ್ಲಿ ಬದುಕ್ತಿರೋ ಜನರ ಹತ್ರ ಆರೋಗ್ಯ ಸಿಬ್ಬಂದಿ ನಡ್ಕೊಂಡು ಹೋಗಿ ಬರೋ ಖರ್ಚು. ಆಸ್ಪತ್ರೆ ಕಟ್ಟಡಕ್ಕೆ ದುಡ್ಡು ಹೇಗೋ ಬರುತ್ತೆ, ಬೋರ್ಡು ಹಾಕಿ ರಿಬ್ಬನ್ ಕತ್ತರಿಸಬಹುದಲ್ಲ, ಅದಕ್ಕೆ. ಈ ಹೋಗಿ ಬರೋ ಕೆಲಸಕ್ಕೆ ಮಾತ್ರ ಪಾಲಿಕೆಯ ಸ್ವಂತ ಬಜೆಟ್ಟಲ್ಲಿ ಅದರದ್ದೇ ಹೆಸರಲ್ಲಿ ಒಂದು ಲೆಕ್ಕ ಇರಬೇಕು ಅಂತ ಯಾರೂ ಹೇಳೋದು ನಾನು ಕೇಳಿಲ್ಲ, ಅದಕ್ಕೇ ಬರೀತಿದೀನಿ. ನಾನು ನಗರದ ಆರೋಗ್ಯ ಕೇಂದ್ರಗಳಲ್ಲಿ ವರ್ಷಗಟ್ಟಲೆ ಎಎನ್‌ಎಂ, ಅಂದ್ರೆ ಜನ ಸಿಸ್ಟರ್ ಅಂತ ಕರೆಯೋ ಆರೋಗ್ಯ ಸಹಾಯಕಿ ಆಗಿದ್ದು ರಿಟೈರ್ ಆದೋಳು, ಲಸಿಕೆ ಡಬ್ಬ ಹೆಗಲಿಗೆ ಹಾಕ್ಕೊಂಡು ಈ ಶೆಡ್ಡುಗಳಿಗೆ ಹೋಗಿದ್ದೋಳು.

ವರ್ತೂರು, ಸರ್ಜಾಪುರ ರಸ್ತೆ, ಥಣಿಸಂದ್ರ, ಯಲಹಂಕ ಕಡೆ ಹೋದ್ರೆ ಅಪಾರ್ಟ್‌ಮೆಂಟ್ ಏಳ್ತಿರೋ ಜಾಗದ ಹಿಂದೆ ಸಾಲಾಗಿ ತಗಡಿನ ಶೆಡ್ಡುಗಳಿರ್ತವೆ, ಮೇಲೆ ನೀಲಿ ಟಾರ್ಪಾಲು, ಅದು ಹಾರಿಹೋಗ್ಬಾರ್ದು ಅಂತ ಇಟ್ಟಿರೋ ಕಲ್ಲು, ಹಳೇ ಟೈರು. ಮಧ್ಯಾಹ್ನ ಒಳಗೆ ಕೂರೋಕಾಗಲ್ಲ ಅಷ್ಟು ಧಗೆ. ಟ್ಯಾಂಕರ್ ನೀರು ಬಂದ ದಿನ ಡ್ರಮ್ಮುಗಳಲ್ಲಿ ತುಂಬಿಟ್ಕೊಂಡು ಮುಂದಿನ ಟ್ಯಾಂಕರ್ ಬರೋ ತನಕ ಅದನ್ನೇ ಕುಡಿಯೋಕೂ ತೊಳೆಯೋಕೂ ಬಳಸ್ತಾರೆ. ಒಂದು ಸಾಲಲ್ಲಿ ನಮ್ಮ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯೋರು, ಇನ್ನೊಂದು ಸಾಲಲ್ಲಿ ಒಡಿಶಾ, ಬಿಹಾರ, ಬಂಗಾಳದೋರು, ಸ್ವಲ್ಪ ಆಚೆ ಖಾಲಿ ಸೈಟಲ್ಲಿ ನಾವು ಬಿಸಾಕಿದ ಪ್ಲಾಸ್ಟಿಕ್, ರಟ್ಟು ಆರಿಸಿ ಬೇರೆ ಮಾಡೋ ಅಸ್ಸಾಂ, ಬಂಗಾಳದ ಕುಟುಂಬಗಳು. ಮಕ್ಕಳು ಅಲ್ಲೇ ಮರಳಿನ ರಾಶಿ ಮೇಲೆ ಆಡ್ತಾ ಇರ್ತವೆ.

ಇಂಥ ಒಂದು ಕಡೆ ರಾಯಚೂರು ಕಡೆ ಹೆಣ್ಣುಮಗಳೊಬ್ಬಳು, ಆರು ತಿಂಗಳ ಬಸುರಿ, ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ದ ತಾಯಿ ಕಾರ್ಡ್ ತೆಗೆದು ತೋರಿಸಿದ್ಲು. ಊರಲ್ಲಿ ಮೂರನೇ ತಿಂಗಳಲ್ಲಿ ಆಶಾ ಅಕ್ಕ ಮಾಡಿಸಿದ್ದು, ಅದಾದ ಮೇಲೆ ಎಲ್ಲಾ ಮನೆ ಖಾಲಿ. ತೂಕ ಇಲ್ಲ, ಬಿಪಿ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಕಣ್ಣಿನ ಕೆಳಗಡೆ ರೆಪ್ಪೆ ಎಳೆದು ನೋಡಿದ್ರೆ ಬೆಳ್ಳಗಿತ್ತು, ಪರೀಕ್ಷೆ ಮಾಡೋದಕ್ಕೆ ಮುಂಚೆನೇ ಗೊತ್ತಾಗುತ್ತೆ ರಕ್ತ ಇಲ್ಲ ಅಂತ. ಆಸ್ಪತ್ರೆ ಹತ್ರನೇ ಇದೆಯಲ್ಲಮ್ಮ, ಯಾಕೆ ಬರ್ಲಿಲ್ಲ ಅಂದೆ. "ಒಂದ್ ದಿನ ಬಿಟ್ರ ಆ ದಿನದ ಪಗಾರ ಹೋಗತೈತ್ರಿ ಅಕ್ಕಾರ, ಎರಡ್ ದಿನ ಬಿಟ್ರ ಮೇಸ್ತ್ರಿ ನಾಳಿಂದ ಬರಬ್ಯಾಡ ಅಂತಾನ್ರಿ" ಅಂದ್ಲು. ಇಟ್ಟಿಗೆ ಹೊತ್ತು ಹೊತ್ತು ಅಂಗೈ ಎಲ್ಲಾ ಒಡೆದಿತ್ತು. ಅವತ್ತು ನನ್ನ ಹತ್ರ ಇದ್ದ ಕಬ್ಬಿಣದ ಮಾತ್ರೆ ಕೊಟ್ಟು ಬಂದೆ, ಮುಂದಿನ ತಿಂಗಳು ಹೋಗೋವಷ್ಟರಲ್ಲಿ ಆ ಕಟ್ಟಡದ ಕೆಲಸ ಮುಗಿದು ಇಡೀ ಸಾಲು ಬೇರೆ ಸೈಟಿಗೆ ಹೋಗಿತ್ತು, ಎಲ್ಲಿಗೆ ಅಂತ ವಾಚ್‌ಮನ್‌ಗೂ ಗೊತ್ತಿಲ್ಲ.

ಅವಳಿಗೆ ತಿಳುವಳಿಕೆ ಇರ್ಲಿಲ್ಲ ಅಂತ ದಯವಿಟ್ಟು ಯಾರೂ ಅನ್ಕೋಬೇಡಿ, ಕಾರ್ಡ್ ಅಷ್ಟು ಜೋಪಾನವಾಗಿ ಇಟ್ಕೊಂಡಿದ್ಲು. ಟೈಮು ಹೊಂದಲ್ಲ, ಅಷ್ಟೇ. ಬೆಂಗಳೂರಲ್ಲಿ ವಾರ್ಡಿಗೊಂದರಂತೆ 243 ನಮ್ಮ ಕ್ಲಿನಿಕ್ ಅಂತ ಯೋಜನೆ ಮಾಡಿದ್ರು, ಒಳ್ಳೆ ಕೆಲಸ, ಔಷಧಿ ಪರೀಕ್ಷೆ ಎಲ್ಲಾ ಫ್ರೀ, ಅಲ್ಲಿರೋ ಡಾಕ್ಟ್ರು ನರ್ಸುಗಳ ಮೇಲೆ ನಂಗೆ ಗೌರವ ಇದೆ. ಆದ್ರೆ ಶುರು ಮಾಡಿದಾಗ ಇಟ್ಟ ಟೈಮು ಬೆಳಿಗ್ಗೆ 9ರಿಂದ ಸಂಜೆ 4.30. ಕೂಲಿಗೆ ಹೋಗೋರು ಎಂಟಕ್ಕೆಲ್ಲ ಸೈಟಲ್ಲಿರ್ತಾರೆ, ಇಳಿಯೋದು ಸಂಜೆ ಆರರ ಮೇಲೆ. 2013ರಲ್ಲಿ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಬಂದಾಗ ಅದರ ಮಾರ್ಗಸೂಚಿಯಲ್ಲೇ ನಗರ ಆರೋಗ್ಯ ಕೇಂದ್ರಗಳ ಹೊರರೋಗಿ ವಿಭಾಗ ಮಧ್ಯಾಹ್ನ 12ರಿಂದ ರಾತ್ರಿ 8ರ ತನಕ ಇದ್ರೆ ಒಳ್ಳೇದು ಅಂತ ಬರೆದಿದ್ರು, ಕಟ್ಟಡ ಕೆಲಸದೋರು, ಇಟ್ಟಿಗೆ ಗೂಡಿನೋರು, ಚಿಂದಿ ಆಯೋರು, ತಾತ್ಕಾಲಿಕವಾಗಿ ವಲಸೆ ಬಂದೋರು ಇವರನ್ನ ವಿಶೇಷವಾಗಿ ನೋಡ್ಕೋಬೇಕು ಅಂತಾನೂ ಬರೆದಿದ್ರು. ಬರೆದೋರಿಗೆ ಊರು ಗೊತ್ತಿತ್ತು. ಅದನ್ನ ನಡೆಸೋಕೆ ಎರಡನೇ ಶಿಫ್ಟಿನ ಸಿಬ್ಬಂದಿ ಬೇಕು, ರಾತ್ರಿ ವಾಪಸ್ ಹೋಗೋಕೆ ವ್ಯವಸ್ಥೆ ಬೇಕು, ಅಂದ್ರೆ ದುಡ್ಡು ಬೇಕು.

ಇನ್ನೊಂದು ವಿಷಯ ಹೊರಗಿನೋರಿಗೆ ಅಷ್ಟಾಗಿ ಗೊತ್ತಿರಲ್ಲ. ಆಶಾ ಕಾರ್ಯಕರ್ತೆಯರಿಗೆ ಸಿಗೋ ಪ್ರೋತ್ಸಾಹಧನ ಮಾಡಿದ ಕೆಲಸದ ಲೆಕ್ಕಕ್ಕೆ ಬರುತ್ತೆ, ಮತ್ತೆ ಎಷ್ಟೋ ಕೆಲಸದಲ್ಲಿ ಅದು "ಪೂರ್ತಿ" ಆಗ್ಬೇಕು. ಒಂದು ಮಗುಗೆ ಮೊದಲ ವರ್ಷದ ಎಲ್ಲಾ ಲಸಿಕೆ ಮುಗಿಸಿದ್ರೆ ಆಶಾಗೆ 100 ರೂಪಾಯಿ. ಆರು ವಾರಕ್ಕೆ, ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ ಪೆಂಟಾ ಲಸಿಕೆ ಹಾಕ್ಸಿ, ಒಂಬತ್ತು ತಿಂಗಳಿಗೆ ದಡಾರದ ಸೂಜಿ ಹಾಕ್ಸೋದ್ರೊಳಗೆ ಆ ಕುಟುಂಬ ಹೊಸಕೋಟೆಗೋ ದೇವನಹಳ್ಳಿಗೋ ಹೋಗಿರುತ್ತೆ. ಅಷ್ಟು ಸಲ ಶೆಡ್ಡಿಗೆ ಓಡಾಡಿದ ಆಶಾ ಕೈಗೆ ಏನೂ ಬರಲ್ಲ. ಹೆರಿಗೆದೂ ಅದೇ ಕಥೆ, ಏಳನೇ ತಿಂಗಳಿಗೆ ತವರಿಗೆ ಹೋಗ್ತಾರೆ, ಹೆರಿಗೆ ಅಲ್ಲಾಗುತ್ತೆ, ಇಲ್ಲಿ ನೋಡ್ಕೊಂಡೋಳ ಲೆಕ್ಕ ಸೊನ್ನೆ. ನೆಲೆ ನಿಂತ ಮನೆಗಳಿಗೆ ಸರಿ ಹೋಗೋ ಲೆಕ್ಕ ಇದು. ಹಂಗಿದ್ದೂ ಎಷ್ಟೋ ಜನ ಆಶಾಗಳು ಶೆಡ್ಡಿಗೆ ಹೋಗ್ತಾರೆ, ಮನಸ್ಸು ತಡೀದೆ ಹೋಗ್ತಾರೆ, ಆದ್ರೆ ಅವರ ಮನಸ್ಸಿನ ಮೇಲೆನೇ ಒಂದು ಊರಿನ ಆರೋಗ್ಯ ನಿಲ್ಲಿಸೋದು ನ್ಯಾಯ ಅಲ್ಲ. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಲ್ಲಿ ಆಶಾಗಳು ಚಳೀಲಿ ರಾತ್ರಿಯೆಲ್ಲ ಕೂತು ತಿಂಗಳಿಗೆ 10 ಸಾವಿರ ರೂಪಾಯಿ ಖಾತ್ರಿಯ ಭರವಸೆ ತಗೊಂಡ್ರು, ಮತ್ತೆ ಅದೇ ಭರವಸೆ ಜಾರಿ ಮಾಡಿ ಅಂತ ಆ ವರ್ಷವೇ ಆಗಸ್ಟಲ್ಲಿ ಇನ್ನೊಂದು ಸಲ ಬೀದಿಗೆ ಬರಬೇಕಾಯ್ತು. ಪಾಲಿಕೆ ತನ್ನ ದುಡ್ಡಲ್ಲಿ ಶೆಡ್ಡಿಗೆ ಹೋದ ಪ್ರತಿ ಭೇಟಿಗೂ ಇಷ್ಟು ಅಂತ ಕೊಟ್ರೆ, ಮಗು ಮುಂದಕ್ಕೆ ಎಲ್ಲಿಗೆ ಹೋದ್ರೂ ಆಶಾಳ ಇವತ್ತಿನ ಕೆಲಸಕ್ಕೆ ಬೆಲೆ ಇರುತ್ತೆ.

ಜನಸಂಖ್ಯೆ ಲೆಕ್ಕ ಇನ್ನೊಂದು ತೊಡಕು. ಇಷ್ಟು ಜನಕ್ಕೆ ಒಂದು ಕೇಂದ್ರ, ಇಷ್ಟು ಮನೆಗೆ ಒಬ್ಬ ಆಶಾ ಅಂತ ಇರೋದೆಲ್ಲ ಮೊದಲಿಂದ 2011ರ ಜನಗಣತಿ ಮೇಲೆ ನಿಂತಿರೋದು, ಆವಾಗ ಬಿಬಿಎಂಪಿ ವ್ಯಾಪ್ತಿ ಜನಸಂಖ್ಯೆ 84 ಲಕ್ಷ ಚಿಲ್ಲರೆ. ಆಮೇಲೆ ಊರು ಎಷ್ಟು ಬೆಳೀತು ಅಂತ ಎಲ್ಲರೂ ನೋಡಿದ್ದೀವಿ. ಶೆಡ್ಡಿಗೆ ಡೋರ್ ನಂಬರ್ ಇಲ್ಲ, ಓಟಿನ ಪಟ್ಟಿ ಇಲ್ಲ, ಸರ್ವೆಗೆ ಹೋದ ದಿನ ಎಲ್ಲರೂ ಕೆಲಸದಲ್ಲಿರ್ತಾರೆ. ಪಟ್ಟೀಲಿಲ್ಲದೋರಿಗೆ ಸಿಬ್ಬಂದಿ ಮಂಜೂರಾಗಲ್ಲ.

ಇದೆಲ್ಲ ಆಗದ ಕೆಲಸ ಅನ್ನೋರಿಗೆ ಪೋಲಿಯೋ ನೆನಪಿಸ್ತೀನಿ. ಪಲ್ಸ್ ಪೋಲಿಯೋ ಟೈಮಲ್ಲಿ ಬೂತ್ ಮುಗಿಸಿ ಮನೆ ಮನೆ ಮುಗಿಸಿ ಅಷ್ಟಕ್ಕೇ ನಿಲ್ಲಿಸ್ತಿರ್ಲಿಲ್ಲ, ಕಟ್ಟಡದ ಸೈಟು, ಇಟ್ಟಿಗೆ ಗೂಡು, ಅಲೆಮಾರಿಗಳ ಟೆಂಟು, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು ಎಲ್ಲದಕ್ಕೂ ಬೇರೆ ಮೊಬೈಲ್ ಟೀಮು, ಬೇರೆ ಗಾಡಿ, ಬೇರೆ ದಿನಭತ್ಯೆ. ಯಾವ ಶೆಡ್ ಎಲ್ಲಿದೆ ಅಂತ ಹೆಚ್ಚು ಅಪಾಯದ ಪ್ರದೇಶ ಅಂತ ಪಟ್ಟಿ ಮಾಡಿ ಕೈಲಿ ನಕ್ಷೆ ಬಿಡಿಸ್ಕೊಂಡು ಹೋಗ್ತಿದ್ವಿ, ಮಕ್ಕಳ ಎಡಗೈ ಕಿರುಬೆರಳಿಗೆ ಮಾರ್ಕರ್ ಹಚ್ಚಿ, ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಪಿ ಅಂತ ಬರೆದು, ಮಗು ಸಿಗದ ಮನೆಗೆ ಎಕ್ಸ್ ಹಾಕಿ ಮತ್ತೆ ಮಾರನೇ ದಿನ ಹೋಗ್ತಿದ್ವಿ. ದೇಶದಲ್ಲಿ ಕೊನೇ ಪೋಲಿಯೋ ಕೇಸ್ ಸಿಕ್ಕಿದ್ದು 2011ರ ಜನವರಿಯಲ್ಲಿ, 2014ರ ಮಾರ್ಚಲ್ಲಿ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಬಂತು. ನಡ್ಕೊಂಡು ಹೋಗಿದ್ದಕ್ಕೆ ಬಂದ ಫಲ ಅದು. ಆ ಪಟ್ಟಿ, ಆ ಅಭ್ಯಾಸ ಎಲ್ಲಾ ನಮ್ಮ ಹತ್ರ ಇತ್ತು. ಆ ಪಟ್ಟಿನ ತಿಂಗಳು ತಿಂಗಳು ಹೊಸದಾಗಿ ಬರೆಯೋಕೆ, ಎರಡು ಹನಿ ಜೊತೆಗೆ ಬಿಪಿ ಮಿಷನ್ನು, ಟಿಬಿ ಪರೀಕ್ಷೆಗೆ ಕಫದ ಡಬ್ಬಿ, ತೂಕದ ಯಂತ್ರನೂ ತಗೊಂಡು ಹೋಗೋಕೆ ಏನು ಕಷ್ಟ?

ನಮ್ಮ ರಾಜ್ಯದಲ್ಲೇ ಪಾಲಿಕೆಯೊಂದು ಮಾಡಿ ತೋರಿಸಿದ್ದೂ ಇದೆ. ಮಂಗಳೂರಲ್ಲಿ 1990ರ ದಶಕದಿಂದ ಮಲೇರಿಯಾ ಕಾಟ, ಕಟ್ಟಡಗಳು ಎದ್ದಂಗೆ ಸ್ಲ್ಯಾಬ್ ಮೇಲೆ ನಿಲ್ಲೋ ನೀರು, ಟ್ಯಾಂಕು, ಬಾವಿ, ಮತ್ತೆ ಮಲೇರಿಯಾ ಇರೋ ಊರುಗಳಿಂದ ಬಂದ ಕೆಲಸಗಾರರು. ಅಲ್ಲಿನ ಪಾಲಿಕೆ ಮಲೇರಿಯಾ ಸಿಬ್ಬಂದಿನ ಇಟ್ಟು, ಅಲ್ಲಿನ ವೈದ್ಯರೂ ಜೊತೆ ನಿಂತು, 2015ರ ಅಕ್ಟೋಬರಿಂದ ಆ ಸಿಬ್ಬಂದಿ ಕೈಗೆ ಟ್ಯಾಬ್ ಕೊಟ್ರು. ಖಾಸಗಿ ಲ್ಯಾಬಲ್ಲಿ ಒಬ್ಬರಿಗೆ ಪಾಸಿಟಿವ್ ಬಂದ್ರೂ ಅದು ವ್ಯವಸ್ಥೆಗೆ ಗೊತ್ತಾಗಿ, ಸಿಬ್ಬಂದಿ ಆ ಸೈಟಿಗೇ ಹೋಗಿ ಸುತ್ತ ಇರೋರ ರಕ್ತ ತಗೊಂಡು, ನೀರು ಎಲ್ಲಿ ನಿಂತಿದೆ ನೋಡಿ, ಮಾತ್ರೆ ನುಂಗಿದ್ರಾ ಅಂತ ವಿಚಾರಿಸೋದು. ವೈವ್ಯಾಕ್ಸ್ ಅನ್ನೋ ಬಗೆಯ ಮಲೇರಿಯಾಗೆ ಪ್ರೈಮಾಕ್ವಿನ್ ಮಾತ್ರೆ 14 ದಿನ ತಗೋಬೇಕು, ಜ್ವರ ಮೂರು ದಿನಕ್ಕೇ ಬಿಡುತ್ತೆ, ಬಿಟ್ಟ ಕೂಡ್ಲೇ ಯಾರು ತಾನೇ ಮಾತ್ರೆ ತಗೋತಾರೆ? ಯಾರಾದ್ರೂ ಶೆಡ್ಡಿಗೆ ಬಂದು ಕೇಳಿದ್ರೆ ತಗೋತಾರೆ. ಮುಂದಿನ ವರ್ಷಗಳಲ್ಲಿ ಮಂಗಳೂರಲ್ಲಿ ಮಲೇರಿಯಾ ಬಹಳ ಇಳೀತು. ಅದರಿಂದ ಲಾಭ ಆಗಿದ್ದು ಕೂಲಿಯೋರಿಗಷ್ಟೇ ಅಲ್ಲ, ಇಡೀ ಊರಿಗೆ.

ಪಕ್ಕದ ಕೇರಳದಲ್ಲಿ ಹೊರ ರಾಜ್ಯದಿಂದ ಬಂದ ಕೆಲಸಗಾರರನ್ನ ಅತಿಥಿ ಕಾರ್ಮಿಕರು ಅಂತ ಕರೀತಾರೆ, 2017ರಲ್ಲಿ ಆವಾಜ್ ಅಂತ ವಿಮೆ ತಂದು 15 ಸಾವಿರ ರೂಪಾಯಿ ತನಕ ಚಿಕಿತ್ಸೆ, ಅಪಘಾತದಲ್ಲಿ ಸತ್ರೆ 2 ಲಕ್ಷ ಅಂತ ಮಾಡಿದ್ರು. ಎರ್ನಾಕುಲಂ ಜಿಲ್ಲೆಲಿ ಬಂಧು ಕ್ಲಿನಿಕ್ ಅಂತ ಗಾಡಿ, ಕೆಲಸಗಾರರು ಇರೋ ಜಾಗಕ್ಕೇ, ಅವರಿಗೆ ಬಿಡುವಾಗೋ ಹೊತ್ತಿಗೇ ಹೋಗುತ್ತೆ.

ಭಾಷೆ ವಿಷಯಕ್ಕೆ ಬಂದ್ರೆ, ನನಗೆ ಬರೋ ಅರೆಬರೆ ಹಿಂದೀಲಿ ಒಡಿಶಾದ ಹೆಣ್ಣುಮಗಳಿಗೆ ಮುಟ್ಟಿನ ತೊಂದರೆ, ಬಿಳಿ ಸೆರಗು ಇದೆಯಾ ಅಂತ ಹೇಗೆ ಕೇಳೋದು? ಅವಳ ಗಂಡನ ಕೈಲೋ ಮೇಸ್ತ್ರಿ ಕೈಲೋ ಕೇಳಿಸೋ ಮಾತಾ ಅದು? ಅದೇ ಸಾಲಲ್ಲಿರೋ, ಸ್ವಲ್ಪ ಓದಿರೋ ಹೆಂಗಸೊಬ್ಬಳನ್ನ ಆರಿಸಿ ತರಬೇತಿ ಕೊಟ್ಟು ತಿಂಗಳಿಗೆ ಗೌರವಧನ ಅಂತ ಕೊಟ್ರೆ ಅರ್ಧ ಕೆಲಸ ಆದಂಗೆ. ಬೈಲಕುಪ್ಪೆಲಿ, ಮುಂಡಗೋಡಲ್ಲಿ ಟಿಬೆಟಿನ ನಿರಾಶ್ರಿತರಿಗೆ ಅವರದ್ದೇ ಆಸ್ಪತ್ರೆ ಇದೆ, ಅವರದ್ದೇ ಭಾಷೆ ಮಾತಾಡೋ ನರ್ಸುಗಳಿದ್ದಾರೆ, 1960ರ ದಶಕದಲ್ಲಿ ನಮ್ಮ ರಾಜ್ಯ ಜಾಗ ಕೊಟ್ಟು ನಿಲ್ಲೋಕೆ ನೆಲೆ ಆಗಿದ್ದಕ್ಕೆ ಅದೆಲ್ಲ ಆಯ್ತು. ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿ, ಅಂದ್ರೆ ಪುನರ್ವಸತಿ ಕ್ಯಾಂಪುಗಳಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು, ಸುಳ್ಯ ಪುತ್ತೂರು ಕಡೆ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ವಾಪಸ್ ಬಂದ ತಮಿಳರು, ಇವರನ್ನೆಲ್ಲ ನೆಲೆ ಕೊಟ್ಟು ಉಳಿಸ್ಕೊಂಡ ರಾಜ್ಯ ನಮ್ದು. ಇವತ್ತು ಬೆಂಗಳೂರಿನ ಶೆಡ್ಡಲ್ಲಿರೋರಿಗೆ ಆ ನೆಲೆ ಇಲ್ಲ, ಆರು ತಿಂಗಳಿಗೊಮ್ಮೆ ಜಾಗ ಬದಲು, ಅದಕ್ಕೇ ಆಸ್ಪತ್ರೆನೇ ಅವರ ಹಿಂದೆ ಹೋಗ್ಬೇಕು.

ಮತ್ತೆ ಹೆದರಿಕೆ. ಚಿಂದಿ ಆಯೋರ ಶೆಡ್ಡಿಗೆ ಹೋಗಿ ಪುಸ್ತಕ ಪೆನ್ನು ತೆಗೆದ ಕೂಡ್ಲೆ ಹೆಂಗಸರು ಒಳಗೆ ಹೋಗ್ಬಿಡ್ತಾರೆ. ಯಾಕಂದ್ರೆ ಹೆಸರು ಬರ್ಕೊಂಡು ಹೋದೋರ ಹಿಂದೆ ಯಾರು ಬರ್ತಾರೋ ಅಂತ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದೋರು ಅಂತ ಹೇಳಿ ಶೆಡ್ಡುಗಳನ್ನ ನೆಲಸಮ ಮಾಡಿದ್ರು, ಅಲ್ಲಿದ್ದೋರಲ್ಲಿ ನಮ್ಮ ಉತ್ತರ ಕರ್ನಾಟಕದೋರೂ ಇದ್ರು, ಹೈಕೋರ್ಟ್ ಕೂಡ ಅದು ಕಾನೂನುಬಾಹಿರ ಅಂತು. ಅದರ ಸುದ್ದಿ ಎಲ್ಲಾ ಶೆಡ್ಡಿಗೂ ಮುಟ್ಟಿರುತ್ತೆ. ಯಾರು ಎಲ್ಲಿಯವರು ಅಂತ ನೋಡೋಕೆ ಬೇರೆ ಇಲಾಖೆ ಇದೆ, ಅವರ ಕೆಲಸ ಅವರು ಕಾನೂನು ಪ್ರಕಾರ ಮಾಡ್ಲಿ. ನರ್ಸಿನ ರಿಜಿಸ್ಟರ್ ಮಾತ್ರ ಯಾವ ಕಾರಣಕ್ಕೂ ಪೊಲೀಸ್ ಸ್ಟೇಷನ್ನಿಗೆ ಹೋಗಲ್ಲ, ಆಧಾರ್ ಇಲ್ಲ ಅಂತ ಮಗುಗೆ ಸೂಜಿ ಬೇಡ ಅನ್ನಲ್ಲ ಅಂತ ಪಾಲಿಕೆ ಲಿಖಿತವಾಗಿ ಹೇಳ್ಬೇಕು, ಹೇಳಿ ಪಾಲಿಸ್ಬೇಕು. ಒಂದು ಸಲ ಆ ನಂಬಿಕೆ ಹೋದ್ರೆ ಟಿಬಿ ಇರೋನು ಕೆಮ್ಮು ಮುಚ್ಚಿಟ್ಕೊಂಡು ಅದೇ ಶೆಡ್ಡಲ್ಲಿ ಎಂಟು ಜನರ ಜೊತೆ ಮಲಗ್ತಾನೆ. ಆರು ತಿಂಗಳ ಔಷಧಿ ಪೂರ್ತಿ ತಗೊಂಡ್ರೆ ವಾಸಿ ಆಗೋ ಕಾಯಿಲೆ ಅದು, ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಸರ್ಕಾರನೇ ಕೊಡುತ್ತೆ.

ಹೊರಗಿನೋರಿಗೆ ನಮ್ಮ ತೆರಿಗೆ ದುಡ್ಡು ಯಾಕೆ ಅಂತ ಕೇಳೋರಿದ್ದಾರೆ, ನಮ್ಮ ಓಣಿಲೂ ಕೇಳಿದ್ದಾರೆ. ಅವರಿಗೆ ಗೋವಾ ನೆನಪಿಸ್ತೀನಿ. ನಮ್ಮ ವಿಜಯಪುರ, ಬಾಗಲಕೋಟೆ, ಗದಗ ಕಡೆ ಜನ ಎಷ್ಟೋ ವರ್ಷದಿಂದ ಅಲ್ಲಿ ಕಟ್ಟಡ ಕೆಲಸ, ಮೀನಿನ ಕೆಲಸ ಮಾಡ್ಕೊಂಡು ಇದೇ ತರ ಶೆಡ್ಡಲ್ಲಿದ್ದಾರೆ. ಅಲ್ಲಿನ ನರ್ಸು ನಮ್ಮ ಹೆಣ್ಣುಮಗಳಿಗೆ ನೀನು ಹೊರಗಿನೋಳು ಅಂದ್ರೆ ನಮ್ಗೆ ಹೊಟ್ಟೆ ಉರಿಯಲ್ವಾ? ಇನ್ನು ತೆರಿಗೆ ಮಾತು. ಅವರು ಕಟ್ಟೋ ಒಂದೊಂದು ದೊಡ್ಡ ಕಟ್ಟಡದ ವೆಚ್ಚದ ಮೇಲೂ ಶೇಕಡ 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತೆ, 1996ರ ಕಾನೂನಿಂದ ಶುರುವಾಗಿದ್ದು ಅದು. ಆ ದುಡ್ಡು ಅವರ ಬೆವರಿಂದಾನೇ ಬಂದಿದ್ದು, ಆದ್ರೆ ಅದು ಸಿಗಬೇಕಂದ್ರೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಟ್ಟು ನೋಂದಣಿ ಮಾಡಿಸ್ಬೇಕು, ಮೇಸ್ತ್ರಿ ಬದಲಾಗ್ತಾ ಇರೋರಿಗೆ ಆ ಕಾಗದ ಯಾರು ಸಹಿ ಮಾಡಿ ಕೊಡ್ತಾರೆ?

ದುಡ್ಡಿಲ್ಲ ಅನ್ನೋ ಮಾತನ್ನ ನಾನು ಒಪ್ಪಲ್ಲ. ಆಸ್ತಿ ತೆರಿಗೆ ಜೊತೆ ನಾವು ಕಟ್ಟೋ ಸೆಸ್ಸಲ್ಲಿ ಆರೋಗ್ಯ ಸೆಸ್ಸೂ ಸೇರಿದೆ. 15ನೇ ಹಣಕಾಸು ಆಯೋಗ 2021ರಿಂದ 26ರ ತನಕ ಐದು ವರ್ಷಕ್ಕೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ ಅಂತ ದೇಶಕ್ಕೆಲ್ಲ ಸೇರಿ 70,051 ಕೋಟಿ ಇಟ್ಟಿತ್ತು. ಇಂಥ ಅನುದಾನ ಅವಧಿ ಮುಗಿದ ಮೇಲೆ ನಿಲ್ಲಬಹುದು, ಅದಕ್ಕೇ ಪಾಲಿಕೆ ಸ್ವಂತ ಲೆಕ್ಕದಲ್ಲಿ ಇದು ಇರಬೇಕು ಅನ್ನೋದು. ಸಂವಿಧಾನದ 74ನೇ ತಿದ್ದುಪಡಿ ಆದಾಗ 12ನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ನಗರ ಸಂಸ್ಥೆಗಳ ಕೆಲಸ ಅಂತ ಸ್ಪಷ್ಟವಾಗಿ ಬರೆದಿದ್ದಾರೆ.

ನಾನು ಕೇಳೋದು ದೊಡ್ಡ ಯೋಜನೆ ಏನಲ್ಲ. ಶೆಡ್ ಸಾಲುಗಳಿಂದಾನೇ ಆರಿಸಿದ ಹೆಂಗಸರಿಗೆ ತಿಂಗಳ ಗೌರವಧನ, ಆಶಾಗೆ ಪ್ರತಿ ಭೇಟಿಗೆ ಭತ್ಯೆ, ಬಟವಾಡೆ ಆಗಿ ಕೆಲಸಕ್ಕೆ ರಜಾ ಇರೋ ದಿನ ಒಂದು ಗಾಡಿ, ಅದರಲ್ಲಿ ಒಬ್ಬ ಡಾಕ್ಟ್ರು, ಒಬ್ಬ ಲ್ಯಾಬ್ ಟೆಕ್ನಿಷಿಯನ್ನು, ಉಳಿದ ದಿನ ಸಂಜೆ ಆರರಿಂದ ಎಂಟೂವರೆ ತನಕ ಎಎನ್‌ಎಂ ಜೊತೆ ಇನ್ನೊಬ್ಬರು, ಒಬ್ಬೊಬ್ಬರನ್ನೇ ಕತ್ತಲಲ್ಲಿ ಕಳಿಸ್ಬೇಡಿ. ದೊಡ್ಡ ಕಟ್ಟಡಕ್ಕೆ ಕೆಲಸ ಶುರು ಮಾಡೋ ಅನುಮತಿ ಕೊಡೋವಾಗ್ಲೇ ಕೆಲಸಗಾರರ ಶೆಡ್ ಎಲ್ಲಿ, ಎಷ್ಟು ಕುಟುಂಬ, ಜವಾಬ್ದಾರಿ ಯಾರು ಅಂತ ಬಿಲ್ಡರ್ ಕೈಲಿ ಬರೆಸ್ಕೊಂಡು ಆ ಒಂದು ಹಾಳೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕಳಿಸಿದ್ರೆ ಹುಡುಕಾಟನೇ ತಪ್ಪುತ್ತೆ. ಲಸಿಕೆ ಲೆಕ್ಕ ಈಗ ಯು-ವಿನ್ ಪೋರ್ಟಲಲ್ಲಿ ಇರುತ್ತೆ, ಮಗು ಎಲ್ಲಿಗೆ ಹೋದ್ರೂ ಮೊಬೈಲ್ ನಂಬರ್ ಮೇಲೆ ಸಿಗುತ್ತೆ, ಅದನ್ನ ಅಪ್ಪ ಅಮ್ಮನಿಗೆ ಕೂತು ಹೇಳ್ಕೊಡೋಕೆ ಒಬ್ಬರು ಬೇಕಷ್ಟೆ.

2020ರ ಸೆಪ್ಟೆಂಬರಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಬೆಂಗಳೂರಲ್ಲಿ ವರ್ಷಗಟ್ಟಲೆ ಕಾರ್ಪೊರೇಟರ್‌ಗಳಿಲ್ಲದೆ ಅಧಿಕಾರಿಗಳೇ ಬಜೆಟ್ ಮಾಡಿದ್ರು, ಕೇಳೋರೂ ಕಡಿಮೆ ಆದ್ರು. ಓದುಗರಲ್ಲಿ ಒಂದು ಬೇಡಿಕೆ, ನಿಮ್ಮ ವಾರ್ಡ್ ಸಮಿತಿ ಸಭೆಗೆ ಹೋದಾಗ, ಓಟು ಕೇಳೋಕೆ ಬಂದೋರು ಬಾಗಿಲಲ್ಲಿ ನಿಂತಾಗ, ಗುಂಡಿ ಬಗ್ಗೆ ಕೇಳಿ, ಅದರ ಜೊತೆ ಇದನ್ನೂ ಕೇಳಿ: ನಮ್ಮ ವಾರ್ಡಲ್ಲಿ ಶೆಡ್ ಸಾಲು ಎಷ್ಟಿವೆ, ಪಟ್ಟಿ ಇದೆಯಾ, ಅಲ್ಲಿಗೆ ಸಿಸ್ಟರ್ ಕೊನೇ ಸಲ ಹೋಗಿದ್ದು ಯಾವತ್ತು, ಆ ಖರ್ಚು ಬಜೆಟ್ ಪುಸ್ತಕದಲ್ಲಿ ಯಾವ ಪುಟದಲ್ಲಿದೆ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕಿ, ಬೆಂಗಳೂರು